ಗೋಡೆಗಳೂ ದನಿಗೂಡಿಸುತ್ತವೆ

15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಬೆಂಗಳೂರಿನ 30–40ರ ಸೈಟಿನಲ್ಲಿ ಎದ್ದ ಮನೆಗಳ ಹಾಲ್ ಹೆಚ್ಚುಕಡಿಮೆ ಈ ಅಳತೆಯದ್ದೇ ಆಗಿರುತ್ತದೆ. ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಗೋಡೆ, ನೆತ್ತಿಯ ಮೇಲೆ ಆರ್‌ಸಿಸಿ ತಾರಸಿ, ಕಾಲಡಿಯಲ್ಲಿ ವಿಟ್ರಿಫೈಡ್ ಟೈಲ್ಸ್. ಇಂಥ ಕೋಣೆಗೆ ತನ್ನದೇ ಆದ ಶ್ರುತಿ ಇರುತ್ತದೆ. ಉದ್ದದ ದಿಕ್ಕಿನಲ್ಲಿ ಅದು ಸೆಕೆಂಡಿಗೆ ಸುಮಾರು 37 ಕಂಪನ, ಅಂದರೆ 37 ಹರ್ಟ್ಸ್. ಅಗಲದ ದಿಕ್ಕಿನಲ್ಲಿ 47. ನೆಲ ಮತ್ತು ತಾರಸಿಯ ನಡುವೆ 56. ಟಿವಿ, ಸ್ಪೀಕರ್ ಯಾವುದೂ ಮನೆಗೆ ಬರುವ ಮೊದಲೇ, ಮೇಸ್ತ್ರಿ ಗೋಡೆ ಎಬ್ಬಿಸಿ ತಾರಸಿ ಹಾಕಿದ ದಿನವೇ, ಈ ಮೂರು ಸ್ವರಗಳು ಅಲ್ಲಿ ಬಂದು ನೆಲೆಸಿರುತ್ತವೆ. ಮುಂದೆ ಎಷ್ಟೇ ದುಬಾರಿಯ ಹೋಮ್ ಥಿಯೇಟರ್ ತಂದು ಕೂರಿಸಿದರೂ ಅದು ಇವುಗಳ ಜೊತೆಗೇ ನುಡಿಯಬೇಕು.

ಹೋಮ್ ಥಿಯೇಟರ್ ಪ್ರಿಯರು ಒಂದೆಡೆ ಸೇರಿದರೆ ಮಾತು ವ್ಯಾಟ್‌ನಿಂದ ಶುರುವಾಗಿ, ಚಾನೆಲ್‌ಗಳ ಲೆಕ್ಕಕ್ಕೆ ಹೊರಳಿ, 4ಕೆ–8ಕೆಗೆ ಬಂದು ನಿಲ್ಲುತ್ತದೆ. ಕೋಣೆಯ ಸುದ್ದಿ ಎತ್ತುವವರು ಕಡಿಮೆ. ಈ ಹವ್ಯಾಸಕ್ಕೆ ಬಿದ್ದವನಾಗಿ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ: ನಾವು ಕೇಳುವ ಸದ್ದಿನಲ್ಲಿ ಸ್ಪೀಕರ್‌ನಷ್ಟೇ ಕೋಣೆಯ ಪಾಲೂ ಇದೆ, ಬೇಸ್‌ನಲ್ಲಂತೂ ಕೋಣೆಯದೇ ಮೇಲುಗೈ. ಚಿತ್ರದ ವಿಷಯದಲ್ಲೂ ಗೋಡೆಯ ಬಣ್ಣ ಮತ್ತು ಸೋಫಾ ಇಟ್ಟ ದೂರ ಮಾಡುವಷ್ಟು ವ್ಯತ್ಯಾಸವನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳು ಮಾಡುವುದಿಲ್ಲ.

ಬಚ್ಚಲುಮನೆಯಲ್ಲಿ ಹಾಡಿದರೆ ನಮ್ಮ ದನಿ ನಮಗೇ ತುಂಬಿಕೊಂಡು ಕೇಳುವುದು ಎಲ್ಲರಿಗೂ ಗೊತ್ತು. ಅದರ ಕಾರಣ ಸರಳವಾಗಿದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರು ಬದುರಿನ ಎರಡು ಗೋಡೆಗಳ ನಡುವೆ ಅಲೆಯೊಂದು ಹೋಗಿ ಬರಲು ಹಿಡಿಯುವ ಸಮಯ ಮತ್ತು ಆ ಅಲೆಯ ಒಂದು ಕಂಪನದ ಸಮಯ ಒಂದೇ ಆದಾಗ, ಮರಳಿ ಬಂದ ಅಲೆ ಹೊಸ ಅಲೆಯ ಹೆಗಲಿಗೆ ಹೆಗಲು ಕೊಡುತ್ತದೆ. ಸದ್ದು ಬೆಳೆಯುತ್ತದೆ. ಐದಡಿ ಅಗಲದ ಬಚ್ಚಲಿನಲ್ಲಿ ಇದು ನಡೆಯುವುದು 112 ಹರ್ಟ್ಸ್ ಹತ್ತಿರ, ಗಂಡಸರ ದನಿ ಓಡಾಡುವ ಜಾಗದಲ್ಲೇ. ಹಾಲ್‌ನಲ್ಲಿ ಗೋಡೆಗಳು ದೂರ ಇರುವುದರಿಂದ ಅದೇ ಆಟ ಇನ್ನೂ ಕೆಳಗೆ, ಡೊಳ್ಳು, ಗುಡುಗು, ಸ್ಫೋಟಗಳ ಮಂದ್ರದಲ್ಲಿ ನಡೆಯುತ್ತದೆ. ಕೋಣೆಯ ಉದ್ದವನ್ನು ಮೀಟರಿನಲ್ಲಿ ಅಳೆದು, ಅದರ ಎರಡರಷ್ಟರಿಂದ 343ನ್ನು ಭಾಗಿಸಿದರೆ ಸಾಕು, ಆ ದಿಕ್ಕಿನ ಮೊದಲ ಸ್ವರ ಸಿಗುತ್ತದೆ. ಅದರ ಎರಡರಷ್ಟು, ಮೂರರಷ್ಟರಲ್ಲೂ ಹೀಗೇ ಆಗುತ್ತದೆ.

ಇಲ್ಲಿ ನಿಂತ ಅಲೆ, ಅಂದರೆ ಸ್ಥಿರ ತರಂಗ, ಹೆಸರಿಗೆ ತಕ್ಕಂತೆ ಒಂದೇ ಕಡೆ ನಿಲ್ಲುತ್ತದೆ. ಮೊದಲ ಸ್ವರದ ಮಟ್ಟಿಗೆ ಗೋಡೆಯ ಬಳಿ ಒತ್ತಡ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಹಿಂದಿನ ಗೋಡೆಗೆ ಒತ್ತಿಸಿಟ್ಟ ಸೋಫಾದಲ್ಲಿ ಕೂತವರಿಗೆ 37 ಹರ್ಟ್ಸ್‌ನ ಸದ್ದು ಎದೆಗೆ ಗುದ್ದುತ್ತದೆ. ಅದೇ ಕೋಣೆಯ ನಡುವೆ ಕುರ್ಚಿ ಹಾಕಿಕೊಂಡವರಿಗೆ ಆ ಸ್ವರವೇ ಮಾಯ. ಸಿನಿಮಾ ಒಂದೇ, ಸಬ್‌ವೂಫರ್ ಒಂದೇ, ಕೂತ ಜಾಗ ಮಾತ್ರ ಬೇರೆ. 10 ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಚೌಕ ಕೋಣೆಯಾದರೆ ಮೂರು ದಿಕ್ಕಿನ ಸ್ವರಗಳೂ 56 ಹರ್ಟ್ಸ್‌ನ ಮೇಲೇ ಬಂದು ಕೂರುತ್ತವೆ. ಹೋಮ್ ಥಿಯೇಟರ್‌ಗೆ ಅದಕ್ಕಿಂತ ಕೆಟ್ಟ ಆಕಾರ ಇಲ್ಲ. ಮನೆ ಕಟ್ಟಿಸುವ ಹಂತದಲ್ಲಿರುವವರು ಪ್ಲಾನ್‌ನಲ್ಲಿ ಒಂದು ಬದಿಯನ್ನು ಎರಡಡಿ ಹಿಗ್ಗಿಸಿಕೊಂಡರೂ ದೊಡ್ಡ ಉಪಕಾರ.

ಹೋಮ್ ಥಿಯೇಟರ್ ಬಗೆಗಿನ ಹೆಚ್ಚಿನ ಸಲಹೆಗಳು ಅಮೆರಿಕದಿಂದ ಬಂದವು. ಅಲ್ಲಿನ ಮನೆಗಳ ಗೋಡೆಯೆಂದರೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಬೇಸ್ ಬಂದಾಗ ಆ ಹಲಗೆ ತುಸು ಬಾಗುತ್ತದೆ, ಬಾಗುವಾಗ ಒಂದಷ್ಟು ಶಕ್ತಿಯನ್ನು ನುಂಗುತ್ತದೆ. ಇನ್ನೊಂದಷ್ಟು ಅದನ್ನು ದಾಟಿ ಆಚೆ ಹೋಗುತ್ತದೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ ಬಾಗುವುದಿಲ್ಲ. ಬಂದ ಬೇಸ್ ಬಹುಪಾಲು ಹಾಗೇ ಒಳಕ್ಕೆ ಮರಳುತ್ತದೆ. ಅದೇ ಸಬ್‌ವೂಫರ್ ನಮ್ಮ ಮನೆಯಲ್ಲಿ ಹೆಚ್ಚು ಗುಂಯ್‌ಗುಡುವುದು ಇದರಿಂದ. ಕಂಪನಿಗಳ ಕೈಪಿಡಿಯಲ್ಲಿ ಬರೆದ ಮಟ್ಟಕ್ಕಿಂತ ಒಂದೆರಡು ಗೆರೆ ಕಡಿಮೆ ಇಟ್ಟು ಶುರುಮಾಡುವುದು ನಮ್ಮಲ್ಲಿ ಒಳ್ಳೆಯ ರೂಢಿ.

ಕೋಣೆ ಸದ್ದಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ಅಳೆದವರು ವಾಲೇಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿಸಿದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದು ಸೆಕೆಂಡಿಗೂ ಮೀರಿ ಕೊಠಡಿಯಲ್ಲಿ ಸುತ್ತುತ್ತಿತ್ತು. ಅಷ್ಟರಲ್ಲಿ ಉಪನ್ಯಾಸಕರು ಇನ್ನೊಂದು ವಾಕ್ಯ ಮುಗಿಸಿರುತ್ತಿದ್ದರು. ಆಗಿನ್ನೂ 27 ವರ್ಷದ, ಧ್ವನಿವಿಜ್ಞಾನದಲ್ಲಿ ಹೆಸರು ಮಾಡಿರದ ಭೌತಶಾಸ್ತ್ರದ ಅಧ್ಯಾಪಕ ಸಬೀನ್‌ಗೆ ಇದನ್ನು ಸರಿಪಡಿಸುವ ಕೆಲಸ ಬಿತ್ತು. ಊರು ಮಲಗಿ ಸದ್ದಡಗಿದ ಮೇಲೆ ಅವರು ಸಹಾಯಕರೊಂದಿಗೆ ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನಿಂದ ಆಸನದ ದಿಂಬುಗಳನ್ನು ಹೊತ್ತು ತರುತ್ತಿದ್ದರು. 512 ಹರ್ಟ್ಸ್‌ನ ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಕಿವಿಗೆ ಕೇಳದಾಗುವವರೆಗಿನ ಸಮಯವನ್ನು ಅಳೆಯುತ್ತಿದ್ದರು. ದಿಂಬು ಸೇರಿಸಿ ಮತ್ತೆ ಅಳತೆ. ಬೆಳಗಾಗುವುದರೊಳಗೆ ಎಲ್ಲವನ್ನೂ ಹೊತ್ತು ವಾಪಸ್ ಇಡಬೇಕಿತ್ತು. ಹೀಗೆ ರಾತ್ರಿಗಳನ್ನು ಕಳೆದು ಅವರು ಕಂಡುಕೊಂಡ ನಿಯಮ ಒಂದೇ ಸಾಲಿನದು. ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಆ ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಆರುವ ಸಮಯ, ಅಂದರೆ ಅನುರಣನ ಕಾಲ ಸಿಗುತ್ತದೆ. ಹೀರಿಕೆಗೆ ಅವರು ಹಿಡಿದ ಅಳತೆಗೋಲು ತೆರೆದ ಕಿಟಕಿ. ಒಂದು ಚದರ ಮೀಟರ್ ತೆರೆದ ಕಿಟಕಿಗೆ ಬಿದ್ದ ಸದ್ದು ಮರಳಿ ಬರುವುದಿಲ್ಲವಲ್ಲ, ಅದೇ ಒಂದು ಘಟಕ. ಈ ಸೂತ್ರವನ್ನು ಕೈಯಲ್ಲಿಟ್ಟುಕೊಂಡು ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಜಗತ್ತಿನ ಅತ್ಯುತ್ತಮ ಸಂಗೀತ ಸಭಾಂಗಣಗಳ ಪಟ್ಟಿ ಮಾಡುವವರು ಇವತ್ತಿಗೂ ಅದನ್ನು ಬಿಡುವುದಿಲ್ಲ.

ಸಬೀನ್‌ರ ಲೆಕ್ಕವನ್ನು ನಮ್ಮ 15–12–10ರ ಹಾಲ್‌ಗೆ ಹಾಕೋಣ. ಗಾತ್ರ ಸುಮಾರು 51 ಘನ ಮೀಟರ್, ನೆಲ, ಗೋಡೆ, ತಾರಸಿ ಸೇರಿದ ಮೇಲ್ಮೈ ಸುಮಾರು 84 ಚದರ ಮೀಟರ್. ಸಾಮಾನಿಲ್ಲದ ಕೋಣೆ ತನ್ನ ಮೇಲೆ ಬಿದ್ದ ಸದ್ದಿನ ನೂರರಲ್ಲಿ ಐದು ಪಾಲನ್ನು ಹೀರುತ್ತದೆ ಎಂದು ಹಿಡಿದರೂ ಅನುರಣನ ಕಾಲ ಎರಡು ಸೆಕೆಂಡಿನ ಹತ್ತಿರ ಬರುತ್ತದೆ. ಸಿನಿಮಾ ನೋಡಲು ಹಿತವೆನಿಸುವುದು 0.3–0.4 ಸೆಕೆಂಡ್. ಅಷ್ಟಕ್ಕೆ ಇಳಿಸಬೇಕಾದರೆ 20 ಚದರ ಮೀಟರ್ ತೆರೆದ ಕಿಟಕಿಗೆ ಸಮನಾದ ಹೀರಿಕೆ ಬೇಕು, ಅಂದರೆ ಒಂದಿಡೀ ಉದ್ದ ಗೋಡೆಗಿಂತಲೂ ಹೆಚ್ಚು. ಬಟ್ಟೆ ಹೊದಿಸಿದ ದಪ್ಪ ಸೋಫಾ, ನೆರಿಗೆ ನೆರಿಗೆಯಾಗಿ ಇಳಿಬಿಟ್ಟ ಭಾರದ ಪರದೆ, ಪುಸ್ತಕ ತುಂಬಿದ ಬೀರು, ನೆಲಕ್ಕೆ ನವಲಗುಂದದ ಜಮಖಾನ, ಗೋಡೆಗೆ ತೂಗುಹಾಕಿದ ಕೌದಿ, ಕೂತ ನಾಲ್ಕು ಮಂದಿ: ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಮನೆ ಖಾಲಿ ಮಾಡುವ ದಿನ ಸಾಮಾನೆಲ್ಲ ಲಾರಿಗೇರಿದ ಮೇಲೆ ಹಾಲ್‌ನಲ್ಲಿ ಮಾತಾಡಿದರೆ ಕೇಳುವ ಆ ಕೊಳವೆಯ ದನಿ ಈ ಸೂತ್ರಕ್ಕೆ ಸಾಕ್ಷಿ.

ಆದರೆ ಬಟ್ಟೆ, ಜಮಖಾನಗಳಿಗೆ ಒಂದು ಮಿತಿ ಇದೆ. ಹಾಯ್ದು ಹೋಗುವ ಸದ್ದನ್ನು ನಾರಿನ ವಸ್ತು ಹಿಡಿಯಬೇಕಾದರೆ ಅದರ ದಪ್ಪ ಅಲೆಯ ಉದ್ದಕ್ಕೆ ತಕ್ಕಂತಿರಬೇಕು. ಗೋಡೆಯಿಂದ ಕಾಲು ಅಲೆಯಷ್ಟು ದೂರದಲ್ಲಿ ಗಾಳಿಯ ಓಡಾಟ ಅತಿ ಹೆಚ್ಚು, ಅಲ್ಲಿ ತಡೆದರೆ ಫಲ. 2000 ಹರ್ಟ್ಸ್‌ನ ಅಲೆಯ ಕಾಲುಭಾಗ ನಾಲ್ಕು ಸೆಂಟಿಮೀಟರ್ ಚಿಲ್ಲರೆ, ಅದಕ್ಕೆ ದಪ್ಪ ಕೌದಿ ಅಷ್ಟಿಷ್ಟು ಸಾಕು. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು ಏಳು ಮೀಟರ್, ಕಾಲುಭಾಗವೆಂದರೆ ಐದೂವರೆ ಅಡಿಗೂ ಹೆಚ್ಚು! ಅಂಗುಲ ದಪ್ಪದ ಫೋಮ್ ಹಾಳೆ ಅದನ್ನು ಮುಟ್ಟುವುದೂ ಇಲ್ಲ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ತೆಳು ಕಾಗದದ ರಟ್ಟಿನಿಂದ ಏನೂ ಆಗದು. ಇಡೀ ಕೋಣೆಗೆ ತೆಳು ಫೋಮ್ ಹಚ್ಚಿದವರ ಪಾಡು ಇನ್ನೂ ಕಷ್ಟ. ತಾರದ ಸದ್ದೆಲ್ಲ ಇಂಗಿ, ಬೇಸ್ ಇದ್ದಲ್ಲೇ ಇದ್ದು, ಕೋಣೆ ಮಂಕು ಕವಿದು ಗುಂಯ್‌ಗುಡುತ್ತದೆ. ಕಲ್ಲುಣ್ಣೆ, ಅಂದರೆ ರಾಕ್‌ವೂಲ್ ತುಂಬಿದ ನಾಲ್ಕಂಗುಲದ ಚೌಕಟ್ಟನ್ನು ಗೋಡೆಯಿಂದ ನಾಲ್ಕಂಗುಲ ಬಿಟ್ಟು ನಿಲ್ಲಿಸಿದರೆ ಅದರ ಫಲ ಎಂಟಂಗುಲ ದಪ್ಪದ್ದಕ್ಕೆ ಹತ್ತಿರವಾಗುತ್ತದೆ. ಮೂಲೆಗಳಲ್ಲಿ ನೆಲದಿಂದ ತಾರಸಿಯವರೆಗೆ ತುಂಬಿದರೆ ಬೇಸ್‌ನ ಮೇಲೂ ಒಂದಿಷ್ಟು ಹಿಡಿತ ಬರುತ್ತದೆ.

ಹಾಗಾದರೆ ಗೋಡೆಯಿಂದ ಮರಳುವ ಸದ್ದೆಲ್ಲ ಕೆಟ್ಟದ್ದೇ? ಇಲ್ಲ. ವಿಜಯಪುರದ ಗೋಲ ಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಬೇರೆ ಬೇರೆಯಾಗಿ ಕೇಳಿಬರುತ್ತದೆ, ಏಕೆಂದರೆ ಆ ವಿಶಾಲ ಗುಮ್ಮಟದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಲು ಸದ್ದಿಗೆ ಸೆಕೆಂಡಿನ ಹತ್ತನೇ ಒಂದು ಭಾಗವೇ ಬೇಕು. ಹಾಲ್‌ನ ಪಕ್ಕದ ಗೋಡೆಯಿಂದ ಮರಳುವ ಸದ್ದು ಹತ್ತು ಮಿಲಿಸೆಕೆಂಡಿನೊಳಗೇ ಬಂದುಬಿಡುತ್ತದೆ. ಇಷ್ಟು ಬೇಗ ಬಂದ ಪ್ರತಿಫಲನವನ್ನು ಕಿವಿ ಬೇರೆ ಸದ್ದೆಂದು ಎಣಿಸುವುದಿಲ್ಲ; ಮೊದಲು ಬಂದ ಸದ್ದಿನೊಳಗೇ ಬೆಸೆದುಕೊಂಡು, ಮೊದಲು ಬಂದ ದಿಕ್ಕನ್ನೇ ನಂಬುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪ್ರಯೋಗದಿಂದ ವಿವರಿಸಿದರು. ಹೀಗಾಗಿ ಪಕ್ಕದ ಗೋಡೆಯ ಪ್ರತಿಫಲನ ಸಂಗೀತಕ್ಕೆ ವಿಸ್ತಾರವನ್ನು ಕೊಡುವುದೂ ಉಂಟು, ಆದರೆ ಒಂದು ಷರತ್ತಿನ ಮೇಲೆ: ಸ್ಪೀಕರ್ ತನ್ನ ಪಕ್ಕಕ್ಕೆ ಸೂಸುವ ಸದ್ದೂ ಎದುರಿಗೆ ಸೂಸುವ ಸದ್ದಿನ ಬಣ್ಣದ್ದೇ ಆಗಿರಬೇಕು.

ಈ ಷರತ್ತನ್ನು ನಮಗೆ ತಿಳಿಸಿಕೊಟ್ಟವರು ಫ್ಲಾಯ್ಡ್ ಟೂಲ್. ಕೆನಡಾದ ಒಟ್ಟಾವಾದಲ್ಲಿರುವ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ, ಮುಂದೆ ಹರ್ಮನ್ ಕಂಪನಿಯಲ್ಲಿ, ಅವರು ದಶಕಗಟ್ಟಲೆ ಮಾಡಿದ್ದು ಒಂದೇ ಬಗೆಯ ಕೆಲಸ. ಸ್ಪೀಕರ್‌ಗಳನ್ನು ಪರದೆಯ ಹಿಂದೆ ಮರೆಮಾಡಿ, ಸದ್ದಿನ ಮಟ್ಟವನ್ನು ಸಮ ಮಾಡಿ, ಕೇಳುಗರಿಂದ ಅಂಕ ಹಾಕಿಸುವುದು. ಅದೇ ಸ್ಪೀಕರ್‌ಗಳನ್ನು ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ ಎಲ್ಲ ದಿಕ್ಕಿನಿಂದ ಅಳೆಯುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಸಿಕ್ಕ ಉತ್ತರ ಆಶ್ಚರ್ಯ ಹುಟ್ಟಿಸುವಷ್ಟು ನೇರ. ಕಣ್ಣಿಗೆ ಬ್ರಾಂಡ್ ಕಾಣದಿದ್ದಾಗ ಜನ ಬಹುಪಾಲು ಒಂದೇ ಬಗೆಯ ಸ್ಪೀಕರ್ ಮೆಚ್ಚುತ್ತಾರೆ: ಎದುರಿಗೆ ಏರಿಳಿತವಿಲ್ಲದ, ಪಕ್ಕಕ್ಕೆ ಸರಿದಂತೆ ಸರಾಗವಾಗಿ ಇಳಿಯುವ ಸದ್ದಿನದ್ದನ್ನು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅದೇ ಕೇಳುಗರು, ಅದೇ ಸ್ಪೀಕರ್‌ಗಳು. ಒಮ್ಮೆ ಕಣ್ಣಿಗೆ ಕಾಣದಂತೆ, ಒಮ್ಮೆ ಕಾಣುವಂತೆ. ಕಂಡಾಗ ಅಂಕಗಳು ಬದಲಾದವು. ದೊಡ್ಡದಾಗಿ, ಅಂದವಾಗಿ ಕಾಣುವವು ಮೇಲೇರಿದವು. ಕೋಣೆಯಲ್ಲಿ ಸ್ಪೀಕರ್ ಇಟ್ಟ ಜಾಗ ಬದಲಾದರೆ ಆಗುವ ವ್ಯತ್ಯಾಸ, ಕಣ್ಣು ತೆರೆದಿದ್ದಾಗ ಕೇಳುಗರಿಗೆ ಅಷ್ಟಾಗಿ ಗೊತ್ತೇ ಆಗಲಿಲ್ಲ. ಶೋರೂಮಿನಲ್ಲಿ ಕೂತು ತೀರ್ಮಾನಿಸುವ ಪ್ರತಿಯೊಬ್ಬರೂ ಈ ಫಲಿತಾಂಶವನ್ನು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇಸ್‌ಗೆ ಬರೋಣ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಅದಕ್ಕೇ ಸಬ್‌ವೂಫರ್ ಅನ್ನು ಎಲ್ಲಿ ಬೇಕಾದರೂ ಇಡಬಹುದು ಎನ್ನುತ್ತಾರೆ. ದಿಕ್ಕಿನ ಮಟ್ಟಿಗೆ ಅದು ನಿಜ. ಆದರೆ ಇಟ್ಟ ಜಾಗಕ್ಕೆ ತಕ್ಕಂತೆ ಕೋಣೆಯ ಯಾವ ಸ್ವರ ಏಳುತ್ತದೆ, ಯಾವುದು ಮಲಗುತ್ತದೆ ಎಂಬುದು ಬದಲಾಗುತ್ತದೆ. ಒಳ್ಳೆಯ ಜಾಗ ಹುಡುಕಲು ಹವ್ಯಾಸಿಗಳಲ್ಲಿ ಒಂದು ಉಪಾಯ ಬಳಕೆಯಲ್ಲಿದೆ: ಸಬ್‌ವೂಫರ್ ಅನ್ನೇ ಸೋಫಾದ ಮೇಲೆ ಕೂರಿಸಿ, ಬೇಸ್ ತುಂಬಿದ ಹಾಡೊಂದನ್ನು ಹಾಕಿ, ನಾವು ಅಂಬೆಗಾಲಿಕ್ಕುತ್ತ ಕೋಣೆಯ ಅಂಚುಗಳಲ್ಲಿ ಕಿವಿಗೊಡುತ್ತ ಹೋಗುವುದು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೋ ಅದೇ ಸಬ್‌ವೂಫರ್‌ನ ಜಾಗ. ಇದು ಹುಡುಗಾಟದಂತೆ ಕಂಡರೂ ಹಿಂದೆ ಗಟ್ಟಿ ಭೌತಶಾಸ್ತ್ರವಿದೆ. ಸದ್ದಿನ ಮೂಲ ಮತ್ತು ಕೇಳುವ ಕಿವಿ ತಮ್ಮ ಜಾಗ ಅದಲುಬದಲು ಮಾಡಿಕೊಂಡರೂ ನಡುವಿನ ಹಾದಿ ಬದಲಾಗುವುದಿಲ್ಲ ಎಂದು ಹೆಲ್ಮ್‌ಹೋಲ್ಟ್ಸ್ ಮತ್ತು ರೇಲೆ 19ನೇ ಶತಮಾನದಲ್ಲೇ ತೋರಿಸಿದ್ದರು.

ಒಂದು ದೊಡ್ಡ ಸಬ್‌ವೂಫರ್‌ಗಿಂತ ಎರಡು ಸಾಧಾರಣದವು ಲೇಸು. ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದನ್ನು ಇಟ್ಟರೆ, ಅವೆರಡೂ ಒಟ್ಟಿಗೆ ಗಾಳಿಯನ್ನು ನೂಕುತ್ತವೆ. ಕೋಣೆಯ ಮೊದಲ ಸ್ವರಕ್ಕೆ ಬೇಕಿರುವುದೋ ಒಂದು ತುದಿಯಲ್ಲಿ ಒತ್ತಡ ಏರಿದಾಗ ಇನ್ನೊಂದು ತುದಿಯಲ್ಲಿ ಇಳಿಯುವುದು. ಎರಡೂ ತುದಿಯಿಂದ ಒಟ್ಟಿಗೆ ನೂಕಿದರೆ ಆ ಸ್ವರ ಏಳಲಾರದು. ಟಾಡ್ ವೆಲ್ಟಿ ಎಂಬ ಎಂಜಿನಿಯರ್ 2000ದ ದಶಕದ ಆರಂಭದಲ್ಲಿ ನೂರಾರು ಜೋಡಣೆಗಳನ್ನು ಲೆಕ್ಕಹಾಕಿ ನೋಡಿದರು. ಆಯತಾಕಾರದ ಕೋಣೆಗೆ ನಾಲ್ಕು ಗೋಡೆಯ ನಡುವೆ ನಾಲ್ಕು ಅಥವಾ ಎದುರುಬದುರು ಎರಡು, ಇದಕ್ಕಿಂತ ಹೆಚ್ಚಿಸಿದರೆ ಪ್ರಯೋಜನ ಹೆಚ್ಚುವುದಿಲ್ಲ ಎಂದು ಕಂಡರು. ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಎವಿ ರಿಸೀವರ್ ಜೊತೆ ಬರುವ ಮೈಕ್‌ನಿಂದ ಮಾಡುವ ಕೋಣೆ ತಿದ್ದುಪಡಿ ಈ ಕೆಲಸಗಳೆಲ್ಲ ಮುಗಿದ ಮೇಲಿನದು. ಎದ್ದ ಸ್ವರವನ್ನು ಅದು ತಗ್ಗಿಸಬಲ್ಲದು. ಅಲೆಗಳು ಒಂದನ್ನೊಂದು ಅಳಿಸಿಕೊಂಡ ಹಳ್ಳವನ್ನು ತುಂಬಲಾರದು, ಏಕೆಂದರೆ ಹೆಚ್ಚು ಶಕ್ತಿ ಸುರಿದಷ್ಟೂ ಎದುರಿನಿಂದ ಬರುವ ಅಲೆಯೂ ಅಷ್ಟೇ ಹೆಚ್ಚಾಗಿ ಅಳಿಸುತ್ತದೆ.

ಮನೆಯವರ ದೂರು ಮಾತ್ರ ಬೇಸ್‌ನದ್ದಲ್ಲ, ಮಾತಿನದ್ದು. ಹೊಡೆದಾಟ ಕಿವಿ ಕಿತ್ತುಹೋಗುವಂತೆ ಕೇಳುತ್ತದೆ, ಸಂಭಾಷಣೆ ತಿಳಿಯುವುದಿಲ್ಲ. ಪಾಲು, ಕಾಲು, ಸಾಲು ಈ ಮೂರನ್ನೂ ಬೇರೆ ಮಾಡುವುದು ಮೊದಲ ವ್ಯಂಜನ. ಅದರ ಶಕ್ತಿ ತೀರ ಕಡಿಮೆ, ಇರುವುದು ಕ್ಷಣಮಾತ್ರ, ಹೆಚ್ಚಿನ ಗುರುತೆಲ್ಲ ಸಾವಿರ ಹರ್ಟ್ಸ್‌ಗಿಂತ ಮೇಲೆ. ಹಿಂದಿನ ಸ್ವರಾಕ್ಷರದ ಬಾಲ ಕೋಣೆಯಲ್ಲಿ ಎರಡು ಸೆಕೆಂಡ್ ಸುತ್ತುತ್ತಿದ್ದರೆ ಮುಂದಿನ ವ್ಯಂಜನ ಅದರಡಿಯಲ್ಲಿ ಮುಳುಗುತ್ತದೆ. ಇಂಥಲ್ಲಿ ವಾಲ್ಯೂಮ್ ಏರಿಸಿದರೆ ಬಾಲವೂ ಏರುತ್ತದೆ. ಕೋಣೆಯ ಹೀರಿಕೆ ಹೆಚ್ಚಿಸಬೇಕು, ಮಾತು ನುಡಿಯುವ ಸೆಂಟರ್ ಸ್ಪೀಕರ್ ಅನ್ನು ಟಿವಿ ಕಪಾಟಿನ ಗೂಡಿನೊಳಗೆ ತುರುಕದೆ ಅಂಚಿಗೆ ತಂದು ಕಿವಿಯತ್ತ ತಿರುಗಿಸಬೇಕು.

ಎಡಬಲದ ಎರಡು ಸ್ಪೀಕರ್‌ಗಳೇ ನಡುವೆ ದನಿಯನ್ನು ಮೂಡಿಸುತ್ತವಲ್ಲ, ಸೆಂಟರ್ ಏಕೆ ಎನ್ನುವವರಿದ್ದಾರೆ. ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ ಕಾಲದಿಂದಲೂ ಆ ಮಾಯೆ ನಮಗೆ ಪ್ರಿಯವಾದದ್ದೇ. ಆದರೆ ಅದು ನಟ್ಟನಡುವೆ ಕೂತ ಒಬ್ಬರಿಗೆ. ಎಡಗಡೆ ಕೂತವರಿಗೆ ಎಡ ಸ್ಪೀಕರ್‌ನ ಸದ್ದು ಮೊದಲು ತಲುಪಿ, ನಟನ ಮಾತು ಪರದೆಯ ಎಡ ಅಂಚಿಗೆ ಜಾರುತ್ತದೆ. ನಡುವೆ ಕೂತವರಿಗೂ ಒಂದು ನಷ್ಟವಿದೆ: ಒಂದೇ ಕಿವಿಗೆ ಎರಡೂ ಸ್ಪೀಕರ್‌ಗಳ ಸದ್ದು ತುಸು ಹಿಂದೆಮುಂದೆ ಬರುವುದರಿಂದ 2000 ಹರ್ಟ್ಸ್ ಆಸುಪಾಸಿನಲ್ಲಿ ಒಂದಿಷ್ಟು ಅಳಿಸಿಹೋಗುತ್ತದೆ. ವ್ಯಂಜನಗಳು ವಾಸಿಸುವ ಜಾಗವೇ ಅದು. ನಾಲ್ಕೈದು ಮಂದಿ ಕೂತು ನೋಡುವ ನಮ್ಮ ಮನೆಗಳಲ್ಲಿ ಹಣ ಹಾಕಬೇಕಾದ ಮೊದಲ ಸ್ಪೀಕರ್ ಸೆಂಟರ್. ನೆತ್ತಿಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ‘ಬ್ರೇವ್’ ಚಿತ್ರದೊಂದಿಗೆ ಥಿಯೇಟರ್‌ಗೆ ಬಂದು, ಮುಂದೆ ಮನೆಗೂ ಇಳಿಯಿತು. ನೆತ್ತಿಯ ಮೇಲಿನ ಮಳೆ, ಹೆಲಿಕಾಪ್ಟರ್ ನನಗೂ ಇಷ್ಟ. ನಮ್ಮ ಬೋಳು ಕಾಂಕ್ರೀಟ್ ತಾರಸಿಯಂತೂ ಮೇಲಕ್ಕೆ ಮುಖಮಾಡಿದ ಸ್ಪೀಕರ್‌ನ ಸದ್ದನ್ನು ಚೊಕ್ಕವಾಗಿ ಕೆಳಗಿಳಿಸುತ್ತದೆ. ಆದರೂ ಮಾತು ಸರಿಯಾಗದೆ ಮಳೆಗೆ ಕೈಹಾಕಬಾರದು.

ವ್ಯಾಟ್ ವಿಷಯ ಬೇಗ ಮುಗಿಸಬಹುದು. 1990ರ ದಶಕದ ಟೂ-ಇನ್-ಒನ್‌ಗಳ ಮೇಲೆ ಸಾವಿರಗಟ್ಟಲೆ ‘ಪಿಎಂಪಿಒ ವ್ಯಾಟ್’ ಎಂದು ಅಚ್ಚಾಗುತ್ತಿತ್ತು. ಅದಕ್ಕೆ ಯಾವ ಒಪ್ಪಿತ ಅಳತೆಯೂ ಇರಲಿಲ್ಲ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಸದ್ದು ಇಮ್ಮಡಿಯಾಯಿತು ಎಂದು ಕಿವಿಗೆ ಅನಿಸಲು ಹತ್ತು ಡೆಸಿಬೆಲ್, ಅಂದರೆ ಹತ್ತರಷ್ಟು ಶಕ್ತಿ ಬೇಕು. 50 ವ್ಯಾಟ್‌ನಿಂದ 100ಕ್ಕೆ ಹೋದರೆ ದೊರಕುವುದು ಅಲ್ಪ. ತಂತಿಗೂ ಹೀಗೇ ಲೆಕ್ಕ ಹಾಕಬಹುದು. ಮನೆ ವೈರಿಂಗ್‌ಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಐದು ಮೀಟರ್ ಹೋಗಿ ಬಂದರೆ ಅದರ ರೋಧ ಓಮ್‌ನ ಹದಿಮೂರನೇ ಒಂದು ಭಾಗದಷ್ಟು. ಎಂಟು ಓಮ್‌ನ ಸ್ಪೀಕರ್ ಮುಂದೆ ಅದು ನೂರಕ್ಕೆ ಒಂದು ಪಾಲೂ ಅಲ್ಲ. ಸಾವಿರಾರು ರೂಪಾಯಿಯ ಸ್ಪೀಕರ್ ತಂತಿ ಕೊಳ್ಳುವ ಹಣದಲ್ಲಿ ಎಷ್ಟು ರಾಕ್‌ವೂಲ್ ಬರುತ್ತದೆ ನೋಡಿ. ಸಿಡಿಗಿಂತ ಮೇಲ್ಮಟ್ಟದ ‘ಹೈ-ರೆಸಲ್ಯೂಷನ್’ ಸಂಗೀತದ ಕತೆಯೂ ಬೇರೆಯಲ್ಲ. 1982ರ ಸಿಡಿಯ 44,100 ಮಾದರಿಗಳು 22,000 ಹರ್ಟ್ಸ್‌ವರೆಗಿನ ಎಲ್ಲವನ್ನೂ ಹಿಡಿಯುತ್ತವೆ, ಮನುಷ್ಯರ ಕಿವಿ ಎಳೆಯ ವಯಸ್ಸಿನಲ್ಲೇ 20,000ಕ್ಕೆ ನಿಲ್ಲುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ ಮೇಲ್ಮಟ್ಟದ ಧ್ವನಿಮುದ್ರಿಕೆಯನ್ನು ಸಿಡಿ ಗುಣಮಟ್ಟಕ್ಕೆ ಇಳಿಸಿ ಕೇಳಿಸಿದಾಗ, ಸಾಮಾನ್ಯ ವಾಲ್ಯೂಮಿನಲ್ಲಿ ಕೇಳುಗರಿಗೆ ಎರಡನ್ನೂ ಬೇರೆ ಮಾಡಲಾಗಲಿಲ್ಲ.

ಇನ್ನು ಕಣ್ಣಿನ ಕಡೆಗೆ. ಸರಿಯಾದ ದೃಷ್ಟಿಯ ಕಣ್ಣು ಬೇರೆ ಬೇರೆ ಎಂದು ಗುರುತಿಸಬಲ್ಲ ಅತಿ ಸಣ್ಣ ಅಂತರ ಒಂದು ಡಿಗ್ರಿಯ 60ನೇ ಒಂದು ಭಾಗ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920 ಚುಕ್ಕಿ, ಒಂದೊಂದೂ 0.63 ಮಿಲಿಮೀಟರ್. ಏಳಡಿಗಿಂತ ದೂರ ಕೂತರೆ ಆ ಚುಕ್ಕಿಗಳೇ ಕಣ್ಣಿನ ಮಿತಿಯೊಳಗೆ ಕರಗುತ್ತವೆ. 4ಕೆಯ ಚುಕ್ಕಿ ಅದರ ಅರ್ಧ. ಅದರ ಪೂರ್ತಿ ಲಾಭ ಸಿಗಬೇಕಾದರೆ ಮೂರೂವರೆ ಅಡಿಗೆ ಬರಬೇಕು. ಹತ್ತಡಿ ದೂರದ ಸೋಫಾದಲ್ಲಿ ಕೂತು 8ಕೆ ಟಿವಿಯ ಆಸೆಪಡುವುದು ಕಣ್ಣಿಗೆ ಕಾಣದ್ದಕ್ಕೆ ಹಣ ಕೊಟ್ಟಂತೆ. 120 ಇಂಚಿನ ಪ್ರೊಜೆಕ್ಟರ್ ಪರದೆಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ: ಅಲ್ಲಿ ಫುಲ್ ಎಚ್‌ಡಿ ಚುಕ್ಕಿ ಹದಿನೈದೂವರೆ ಅಡಿಯವರೆಗೂ ಕಾಣುತ್ತದೆ, ಹತ್ತಡಿಯಲ್ಲಿ ಕೂತವರಿಗೆ 4ಕೆ ನಿಜಕ್ಕೂ ಬೇಕು.

4ಕೆ ಟಿವಿಗಳು ಚೆನ್ನಾಗಿ ಕಾಣುವುದಕ್ಕೆ ಹೆಚ್ಚಿನ ಕಾರಣ ಜೊತೆಗೆ ಬಂದ, ಬೆಳಕು–ಕತ್ತಲೆಯ ಹರವನ್ನು ಹಿಗ್ಗಿಸುವ ಎಚ್‌ಡಿಆರ್. ಹಳೆಯ ವಿಡಿಯೋದಲ್ಲಿ ಕಪ್ಪಿನಿಂದ ಬಿಳಿಗೆ ಎಂಟು ಬಿಟ್, ಅಂದರೆ 256 ಮೆಟ್ಟಿಲು. ಎಚ್‌ಡಿಆರ್‌ನಲ್ಲಿ ಹತ್ತು ಬಿಟ್, 1024 ಮೆಟ್ಟಿಲು. ಅದರ ಪ್ರಮಾಣಕ, ಪರದೆಯ ಹೊಳಪನ್ನು ಅಳೆಯುವ ನಿಟ್ ಲೆಕ್ಕದಲ್ಲಿ, 10,000 ನಿಟ್‌ವರೆಗಿನ ಬೆಳಕಿಗೆ ಜಾಗ ಬಿಟ್ಟಿದೆ. ಆದರೆ ಥಿಯೇಟರ್‌ನ ಪರದೆಯ ಬಿಳಿ ಎಷ್ಟು ಗೊತ್ತೇ? 48 ನಿಟ್. ದಶಕಗಳ ಕಾಲ ನಾವು ಕಣ್ಣರಳಿಸಿ ನೋಡಿದ್ದು ಅಷ್ಟೇ ಬೆಳಕನ್ನು. ಅದು ಸಾಕಾದದ್ದು ಸುತ್ತ ಕತ್ತಲಿದ್ದುದರಿಂದ. ಕಣ್ಣು ಅಳೆಯುವುದು ಬೆಳಕನ್ನಲ್ಲ, ಬೆಳಕು ಮತ್ತು ಕತ್ತಲೆಯ ಅನುಪಾತವನ್ನು.

ಪ್ರೊಜೆಕ್ಟರ್ ಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪ್ರೊಜೆಕ್ಟರ್ ಕಪ್ಪನ್ನು ಎಸೆಯಲಾರದು. ಬೆಳಕು ಬೀಳದ ಪರದೆಯ ಬಣ್ಣವೇ ಅದರ ಕಪ್ಪು. ಪರದೆಯ ಅರ್ಧದಲ್ಲಿ ಹಗಲು, ಅರ್ಧದಲ್ಲಿ ಇರುಳು ಇರುವ ದೃಶ್ಯವೊಂದನ್ನು ಎಣಿಸಿ. ಹಗಲಿನ ಬೆಳಕು ಪರದೆಯಿಂದ ಹೊರಟು ಬಿಳಿ ಗೋಡೆ, ಬಿಳಿ ತಾರಸಿಗೆ ಬಡಿದು ಮತ್ತೆ ಪರದೆಗೇ ಬರುತ್ತದೆ. ಅದರ ನೂರನೇ ಒಂದು ಪಾಲು ಇರುಳಿನ ಮೇಲೆ ಬಿದ್ದರೂ ಆ ದೃಶ್ಯದ ಕಾಂಟ್ರಾಸ್ಟ್ ನೂರಕ್ಕೆ ಒಂದನ್ನು ದಾಟಲಾರದು, ಪೆಟ್ಟಿಗೆಯ ಮೇಲೆ ಹತ್ತು ಲಕ್ಷಕ್ಕೆ ಒಂದು ಎಂದು ಬರೆದಿದ್ದರೂ ಅಷ್ಟೇ. ಪರದೆಯ ಸುತ್ತಲಿನ ನಾಲ್ಕಾರು ಅಡಿ ಗೋಡೆಗೆ, ಮೇಲಿನ ತಾರಸಿಗೆ ಹೊಳಪಿಲ್ಲದ ಕಡುಬೂದು ಬಣ್ಣ ಬಳಿಸಿ, ಅಥವಾ ಕಪ್ಪು ಮಕಮಲ್ ಬಟ್ಟೆ ಇಳಿಬಿಡಿ. ಆ ಬಟ್ಟೆ ಸದ್ದಿಗೂ ನೆರವಾಗುತ್ತದೆ. ದುಬಾರಿ ಪ್ರೊಜೆಕ್ಟರ್‌ಗೆ ಜಿಗಿಯುವ ಮೊದಲು ಬಣ್ಣದ ಡಬ್ಬಿ ತನ್ನಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಓಎಲ್‌ಇಡಿ ಟಿವಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಉರಿದು ತಾನೇ ಆರುವುದರಿಂದ ಕಪ್ಪು ಕಪ್ಪಾಗಿಯೇ ಇರುತ್ತದೆ, ಎದುರು ಗೋಡೆಯ ಟ್ಯೂಬ್‌ಲೈಟ್ ಗಾಜಿನಲ್ಲಿ ಮಿನುಗದಿದ್ದರೆ. ಪೂರ್ತಿ ಕತ್ತಲೆ ಕಣ್ಣಿಗೆ ಆಯಾಸವೆನಿಸಿದರೆ ಟಿವಿಯ ಹಿಂದೆ 6500 ಕೆಲ್ವಿನ್‌ನ ಮಂದ ದೀಪವೊಂದನ್ನು ಇಡಬಹುದು. ವಿಡಿಯೋದ ಬಿಳಿಯನ್ನು ನಿಗದಿ ಮಾಡಿರುವುದೂ ಆ ಛಾಯೆಗೇ. ಅಂಗಡಿಯಿಂದ ಬಂದಾಗ ಟಿವಿ ಇರುವ ‘ವಿವಿಡ್’ ಬಗೆ ಅಂಗಡಿಯ ಉರಿಬೆಳಕಿಗಾಗಿ ಮಾಡಿದ್ದು, ಬಿಳಿಯನ್ನು ನೀಲಿಗೆಳೆಯುತ್ತದೆ. 24 ಚೌಕಟ್ಟುಗಳ ಸಿನಿಮಾದ ನಡುವೆ ತಾನೇ ಚೌಕಟ್ಟು ಹೆಣೆದು ತುರುಕುವ ಮೋಷನ್ ಸ್ಮೂತಿಂಗ್ ಛಾಯಾಗ್ರಾಹಕರ ಕೆಲಸವನ್ನು ಧಾರಾವಾಹಿಯ ಹಾಗೆ ಮಾಡಿಬಿಡುತ್ತದೆ. ನಿರ್ದೇಶಕರು ಇದರ ವಿರುದ್ಧ ದನಿಯೆತ್ತಿದ್ದರಿಂದಲೇ 2019ರಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಬಂತು. ಇರುವ ಟಿವಿಗಳಲ್ಲಿ ಅದನ್ನು, ಇಲ್ಲದವುಗಳಲ್ಲಿ ‘ಸಿನಿಮಾ’ ಬಗೆಯನ್ನು ಹಾಕಿಕೊಳ್ಳಿ. ಮೊದಲೆರಡು ದಿನ ಚಿತ್ರ ಹಳದಿಯಾಗಿ ಕಂಡೀತು, ಕಣ್ಣು ಬೇಗ ಒಗ್ಗಿಕೊಳ್ಳುತ್ತದೆ.

ಕಣ್ಣು, ಕಿವಿ ಎರಡನ್ನೂ ಹೊಂದಿಸುವ ಒಂದು ಕೆಲಸ ಉಳಿಯುತ್ತದೆ. ಚಿತ್ರವನ್ನು ಅಂದಗೊಳಿಸಲು ಟಿವಿ ಸಮಯ ತೆಗೆದುಕೊಳ್ಳುತ್ತದೆ. ರಿಸೀವರ್‌ಗೆ ಬೇರೆಯಾಗಿ ಹೋದ ಸದ್ದು ಅಷ್ಟರಲ್ಲಿ ಮುಂದೋಡಿರುತ್ತದೆ. ಪ್ರಸಾರಕ್ಕಾಗಿ ಮಾಡಿದ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಸದ್ದು 45 ಮಿಲಿಸೆಕೆಂಡ್ ಮುಂದೆ ಬಂದರೇ ನೋಡುಗರಿಗೆ ತಿಳಿದುಬಿಡುತ್ತದೆ, ಹಿಂದೆ ಬಿದ್ದರೆ 125ರವರೆಗೂ ತಿಳಿಯುವುದಿಲ್ಲ. ಎರಡಕ್ಕೂ ಇಷ್ಟು ಅಂತರವಿರುವುದು ಸಹಜವೇ. ದೂರದ ಕಲ್ಲುಕುಟಿಗನ ಸುತ್ತಿಗೆ ಮೊದಲು ಕಾಣುತ್ತದೆ, ಏಟು ಆಮೇಲೆ ಕೇಳುತ್ತದೆ. ಕಾಣುವ ಮೊದಲೇ ಕೇಳುವುದು ಪ್ರಕೃತಿಯಲ್ಲಿ ಎಲ್ಲೂ ಇಲ್ಲ, ಅದಕ್ಕೆ ಮಿದುಳು ಒಪ್ಪುವುದಿಲ್ಲ. ರಿಸೀವರ್‌ನ ಮೆನುವಿನಲ್ಲಿ ‘ಲಿಪ್ ಸಿಂಕ್’ ಅಥವಾ ‘ಆಡಿಯೋ ಡಿಲೇ’ ಎಂದಿರುವಲ್ಲಿ ಹೋಗಿ, ಮುಖ ಹತ್ತಿರದಿಂದ ಕಾಣುವ ದೃಶ್ಯವೊಂದನ್ನು ಹಾಕಿ, ‘ಪ’, ‘ಬ’, ‘ಮ’ಗಳಿಗೆ ತುಟಿ ಕೂಡುವುದನ್ನು ನೋಡುತ್ತ ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತ ಹೋಗಬೇಕು. ಸದ್ದು ತುಸು ತಡವಾಗುವ ಕಡೆಗೇ ವಾಲಿಸಿ ಬಿಡುವುದು ಸರಿ.